ಪ್ರಕಟಣೆಗೆ ಕಾದ ಫಲಕಗಳು: ಲೀನಿಯರ್ ಬಿ ಲಿಪಿಯ ವಾಚನದಲ್ಲಿ ಆಕರಪ್ರಕಟಣೆಯ ಪಾತ್ರ

1. ಪೀಠಿಕೆ

ಲೀನಿಯರ್ ಬಿ ಲಿಪಿಯನ್ನು ಓದಿದ ಕಥೆ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಕ್ರೀಟ್ ದ್ವೀಪದ ಕ್ನೊಸೊಸ್‌ನಲ್ಲಿ 1900ರಲ್ಲಿ ಆರ್ಥರ್ ಇವಾನ್ಸ್ ಅವರಿಗೆ ದೊರೆತ ಮಣ್ಣಿನ ಫಲಕಗಳು ಅರ್ಧ ಶತಮಾನ ಕಾಲ ಮೂಕವಾಗಿದ್ದವು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಅವುಗಳ ಭಾಷೆ ಗ್ರೀಕ್‌ನ ಅತಿಪ್ರಾಚೀನ ರೂಪವೆಂದು ತೋರಿಸಿದರು. ಹೋಮರನ ಕಾವ್ಯಗಳಿಗಿಂತ ಹಲವು ಶತಮಾನ ಹಿಂದಿನ ಗ್ರೀಕ್ ಹೀಗೆ ವಿದ್ವಾಂಸರ ಕೈಗೆ ಬಂದಿತು. ಪಠ್ಯಪುಸ್ತಕಗಳಲ್ಲಿ ಇದು ಸಾಮಾನ್ಯವಾಗಿ ಪ್ರತಿಭೆಯ ಕಥೆಯಾಗಿಯೇ ನಿರೂಪಿತವಾಗುತ್ತದೆ: ವೃತ್ತಿಯಿಂದ ವಿದ್ವಾಂಸನಲ್ಲದ ಯುವಕನೊಬ್ಬ ಪಂಡಿತರಿಗೆ ಬಗೆಹರಿಯದ ಒಗಟನ್ನು ಬಿಡಿಸಿದ ಎಂಬುದು ಅದರ ತಿರುಳು.

ಈ ನಿರೂಪಣೆ ತಪ್ಪಲ್ಲ, ಆದರೆ ಅಪೂರ್ಣ. ಇನ್ನೊಂದು ಕಾಲಾನುಕ್ರಮವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಗ್ರೀಸ್‌ನ ಪೈಲಸ್‌ನಲ್ಲಿ ದೊರೆತ ಫಲಕಗಳ ಪಾಠ ಪ್ರಕಟವಾದದ್ದು 1951ರಲ್ಲಿ. ಕ್ನೊಸೊಸ್‌ನ ಫಲಕಗಳ ಪಾಠ ಪ್ರಕಟವಾದದ್ದು 1952ರಲ್ಲಿ. ಲಿಪಿ ಬಗೆಹರಿದದ್ದೂ 1952ರಲ್ಲಿಯೇ. ಅಂದರೆ ಐವತ್ತೆರಡು ವರ್ಷಗಳ ಬಹುಭಾಗ ಆಲೋಚನೆಗೆ ತಗುಲಿದ ಕಾಲವಲ್ಲ, ಆಕರಗಳಿಗಾಗಿ ಕಾದ ಕಾಲ. ಲೀನಿಯರ್ ಬಿ ವಾಚನದ ಇತಿಹಾಸವನ್ನು ಆಕರಪ್ರಕಟಣೆಯ ಇತಿಹಾಸವಾಗಿ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಏನು ಪ್ರಕಟವಾಯಿತು, ಯಾವಾಗ ಪ್ರಕಟವಾಯಿತು, ಯಾವ ರೂಪದಲ್ಲಿ ಪ್ರಕಟವಾಯಿತು ಎಂಬ ಮೂರು ಪ್ರಶ್ನೆಗಳು ಭಾಷಿಕ ವಿಶ್ಲೇಷಣೆಯ ಹೊರಗಿನ ಸಂಗತಿಗಳಲ್ಲ. ವಿಶ್ಲೇಷಣೆಯ ಸಾಧ್ಯತೆಯನ್ನೇ ಅವು ನಿರ್ಧರಿಸುತ್ತವೆ ಎಂಬುದು ಇಲ್ಲಿನ ವಾದ.

2. ಕ್ನೊಸೊಸ್ ಮತ್ತು ಮೊದಲ ಪ್ರಕಟಣೆಯ ಹಕ್ಕು

ಇವಾನ್ಸ್ ಅವರು ಕ್ನೊಸೊಸ್‌ನಲ್ಲಿ ಉತ್ಖನನ ಆರಂಭಿಸಿದ್ದು 1900ರ ಮಾರ್ಚ್ 23ರಂದು. ವಾರವೊಂದು ಕಳೆಯುವಷ್ಟರಲ್ಲಿ ಬರಹವಿದ್ದ ಮೊದಲ ಫಲಕಗಳು ದೊರೆತವು. ಈ ಫಲಕಗಳನ್ನು ಬರೆದವರು ಅವುಗಳನ್ನು ಸುಟ್ಟಿರಲಿಲ್ಲ, ಒಣಗಿಸಿದ್ದರು ಅಷ್ಟೆ. ಅರಮನೆಯನ್ನು ನಾಶಮಾಡಿದ ಬೆಂಕಿಯೇ ಅವುಗಳನ್ನು ಇಟ್ಟಿಗೆಯಂತೆ ಗಟ್ಟಿಮಾಡಿ ಉಳಿಸಿತ್ತು. ಮುಂದಿನ ಋತುಗಳಲ್ಲಿ ದೊರೆತವನ್ನೂ ಸೇರಿಸಿದರೆ ಕ್ನೊಸೊಸ್‌ನ ಫಲಕಗಳು ಮತ್ತು ತುಣುಕುಗಳ ಸಂಖ್ಯೆ ಮೂರು ಸಾವಿರವನ್ನು ಮೀರುತ್ತದೆ.

ಇವಾನ್ಸ್ ಅವರು ಬಹುಬೇಗ ಕೆಲವು ಮುಖ್ಯ ಸಂಗತಿಗಳನ್ನು ಗುರುತಿಸಿದರು. ಬರಹ ಎಡದಿಂದ ಬಲಕ್ಕೆ ಸಾಗುತ್ತದೆ, ಪದಗಳ ನಡುವೆ ಸಣ್ಣ ಗೀಟುಗಳಿವೆ, ಸಂಖ್ಯಾಪದ್ಧತಿ ದಶಮಾನದ್ದು, ರಥ, ಕುದುರೆ, ಪಾತ್ರೆ ಮೊದಲಾದವುಗಳನ್ನು ಸೂಚಿಸುವ ಭಾವಚಿಹ್ನೆಗಳಿವೆ, ಇವು ಅರಮನೆಯ ಲೆಕ್ಕಪತ್ರಗಳು. ಕ್ರೀಟ್‌ನ ಬರಹಗಳಲ್ಲಿ ಚಿತ್ರಲಿಪಿ, ಲೀನಿಯರ್ ಎ, ಲೀನಿಯರ್ ಬಿ ಎಂಬ ಮೂರು ಪ್ರಭೇದಗಳನ್ನು ಬೇರ್ಪಡಿಸಿದವರೂ ಅವರೇ. ಈ ಮೂರನ್ನೂ ಪ್ರಕಟಿಸುವ ಯೋಜನೆಯ ಮೊದಲ ಸಂಪುಟವಾಗಿ 'ಸ್ಕ್ರಿಪ್ಟ ಮಿನೋವ' 1909ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದಿತು. ಆದರೆ ಅದರ ಮುಖ್ಯ ವಸ್ತು ಚಿತ್ರಲಿಪಿ. ಲೀನಿಯರ್ ಬಿ ಫಲಕಗಳಿಗೆ ಮೀಸಲಾದ ಸಂಪುಟ ಇವಾನ್ಸ್ ಅವರ ಜೀವಿತಕಾಲದಲ್ಲಿ ಬರಲೇ ಇಲ್ಲ. 1935ರಲ್ಲಿ ಪ್ರಕಟವಾದ 'ದಿ ಪ್ಯಾಲೆಸ್ ಆಫ್ ಮೈನೋಸ್' ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಸುಮಾರು ನೂರಿಪ್ಪತ್ತು ಫಲಕಗಳ ಪಾಠ ಸೇರಿತು. ಫಿನ್ಲೆಂಡಿನ ವಿದ್ವಾಂಸ ಯೊಹಾನ್ನೆಸ್ ಸುಂಡ್ವಾಲ್ ಅವರು ಇನ್ನೂ ಮೂವತ್ತೆಂಟು ಫಲಕಗಳನ್ನು ಸ್ವತಃ ನಕಲು ಮಾಡಿ ಪ್ರಕಟಿಸಿದರು. ಅದಕ್ಕಾಗಿ ಇವಾನ್ಸ್ ಅವರ ಅಸಮಾಧಾನಕ್ಕೆ ಗುರಿಯಾದರು. 1941ರಲ್ಲಿ ಇವಾನ್ಸ್ ತೀರಿಕೊಂಡಾಗ ಹೊರಜಗತ್ತಿಗೆ ಲಭ್ಯವಿದ್ದ ಫಲಕಗಳ ಸಂಖ್ಯೆ ಇನ್ನೂರನ್ನು ಮುಟ್ಟಿರಲಿಲ್ಲ.

ಇದನ್ನು ಕೇವಲ ವ್ಯಕ್ತಿದೋಷವೆಂದು ಬಗೆಯುವುದು ಸುಲಭ, ಆದರೆ ನ್ಯಾಯವಲ್ಲ. ಅಗೆದು ತೆಗೆದವನಿಗೇ ಮೊದಲು ಪ್ರಕಟಿಸುವ ಹಕ್ಕು ಎಂಬುದು ಪುರಾತತ್ತ್ವ ಕ್ಷೇತ್ರದ ಅಲಿಖಿತ ನಿಯಮ. ಈ ನಿಯಮಕ್ಕೆ ಆಧಾರವೂ ಇದೆ: ಉತ್ಖನನದ ಶ್ರಮವನ್ನೂ ವೆಚ್ಚವನ್ನೂ ಹೊತ್ತವನು ತನ್ನ ಶೋಧದ ಫಲವನ್ನು ತಾನೇ ಮೊದಲು ವಿವರಿಸಲು ಬಯಸುವುದು ಸಹಜ. ಇವಾನ್ಸ್ ತಮ್ಮ ಸ್ವಂತ ಹಣವನ್ನು ಕ್ನೊಸೊಸ್‌ಗೆ ಸುರಿದಿದ್ದರು. ಲಿಪಿಯನ್ನು ತಾವೇ ಓದುವ ಆಸೆಯೂ ಅವರಿಗಿತ್ತು. ಆದರೆ ಈ ಹಕ್ಕಿಗೆ ಕಾಲಮಿತಿ ಇಲ್ಲದಿದ್ದುದು ತೊಡಕಾಯಿತು. ಹಕ್ಕು ಇದ್ದು ಕರ್ತವ್ಯ ನೆರವೇರದೆ ಹೋದಾಗ, ನಡುವಿನ ಕಾಲದಲ್ಲಿ ದುಡಿಯಬಹುದಾಗಿದ್ದ ಎರಡು ತಲೆಮಾರಿನ ವಿದ್ವಾಂಸರು ಬರಿಗೈಯಲ್ಲಿ ಉಳಿದರು.

ಆಕರ ಒಬ್ಬನ ಕೈಯಲ್ಲಿಯೇ ಇದ್ದಾಗ ಆತನ ಪೂರ್ವಗ್ರಹವೂ ಪ್ರಶ್ನೆಗೆ ಒಳಗಾಗದೆ ಉಳಿಯುತ್ತದೆ. ಒಂದು ಫಲಕದಲ್ಲಿ ಕುದುರೆಯ ಮರಿಯನ್ನು ಸೂಚಿಸುವ ಚಿತ್ರದ ಬಳಿ ಎರಡು ಚಿಹ್ನೆಗಳಿದ್ದವು. ಸೈಪ್ರಸ್‌ನ ಪ್ರಾಚೀನ ಅಕ್ಷರಗಳ ಬೆಲೆಗಳನ್ನು ಹಚ್ಚಿದರೆ ಅವು 'ಪೊ-ಲೊ' ಎಂದಾಗುತ್ತಿದ್ದವು. ಗ್ರೀಕ್‌ನಲ್ಲಿ ಕುದುರೆಮರಿಗೆ 'ಪೋಲೊಸ್' ಎಂದೇ ಹೆಸರು. ಇವಾನ್ಸ್ ಇದನ್ನು ಗಮನಿಸಿದರು, ಆದರೆ ಅಲ್ಲಗಳೆದರು. ಮಿನೋವನ್ನರ ಭಾಷೆ ಗ್ರೀಕ್ ಅಲ್ಲವೆಂಬುದು ಅವರ ದೃಢ ನಂಬಿಕೆಯಾಗಿತ್ತು. ಒಂದೇ ಫಲಕದ ಹೋಲಿಕೆ ಆಕಸ್ಮಿಕವೆನಿಸಬಹುದು. ಅಂಥ ಹೋಲಿಕೆಯನ್ನು ಇತರ ನೂರಾರು ಫಲಕಗಳ ಮೇಲೆ ಪರೀಕ್ಷಿಸಲು ಅವರ ಹೊರತು ಬೇರೆ ಯಾರಿಗೂ ಅವಕಾಶವಿರಲಿಲ್ಲ.

3. ಆಲಿಸ್ ಕೋಬರ್: ಅಲ್ಪ ಆಕರ, ಕಠಿಣ ವಿಧಾನ

ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಅಭಿಜಾತ ಭಾಷೆಗಳನ್ನು ಬೋಧಿಸುತ್ತಿದ್ದ ಆಲಿಸ್ ಕೋಬರ್ ಅವರು ಈ ಅಲ್ಪ ಆಕರದಿಂದಲೇ ಸಾಧ್ಯವಾದುದನ್ನು ಮಾಡಿ ತೋರಿಸಿದರು. ಭಾಷೆ ಯಾವುದೆಂದು ಮೊದಲೇ ಊಹಿಸಿ, ಆ ಊಹೆಗೆ ಚಿಹ್ನೆಗಳನ್ನು ಒಗ್ಗಿಸುವ ರೂಢಿಯನ್ನು ಅವರು ತಿರಸ್ಕರಿಸಿದರು. ಚಿಹ್ನೆಗಳು ಯಾವ ಸ್ಥಾನದಲ್ಲಿ, ಯಾವುದರ ಜೊತೆ, ಎಷ್ಟು ಬಾರಿ ಬರುತ್ತವೆ ಎಂಬುದರಿಂದಲೇ ವ್ಯಾಕರಣದ ಕುರುಹುಗಳನ್ನು ಹುಡುಕಬೇಕೆಂಬುದು ಅವರ ನಿಲುವು. ಯುದ್ಧಕಾಲದಲ್ಲಿ ಕಾಗದದ ಅಭಾವವಿದ್ದುದರಿಂದ ಹಳೆಯ ಶುಭಾಶಯ ಪತ್ರಗಳು, ಸುತ್ತೋಲೆಗಳು ಮೊದಲಾದವುಗಳನ್ನು ಕತ್ತರಿಸಿ ಚೀಟಿಗಳನ್ನು ಮಾಡಿಕೊಂಡು, ಸಿಗರೇಟಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು.

1945ರಿಂದ 1948ರವರೆಗೆ 'ಅಮೆರಿಕನ್ ಜರ್ನಲ್ ಆಫ್ ಆರ್ಕಿಯಾಲಜಿ'ಯಲ್ಲಿ ಬಂದ ಅವರ ಮೂರು ಲೇಖನಗಳು ಈ ಕ್ಷೇತ್ರದ ದಿಕ್ಕನ್ನು ಬದಲಿಸಿದವು. ಅವರ ತರ್ಕವನ್ನು ಕನ್ನಡದ ಉದಾಹರಣೆಯಿಂದ ಸುಲಭವಾಗಿ ವಿವರಿಸಬಹುದು. ಊರು, ಊರಿಗೆ, ಊರಲ್ಲಿ ಎಂಬ ರೂಪಗಳನ್ನು ತೆಗೆದುಕೊಳ್ಳೋಣ. ಇವುಗಳಲ್ಲಿ ಎರಡನೆಯ ಅಕ್ಷರ ಕ್ರಮವಾಗಿ ರು, ರಿ, ರ. ಕನ್ನಡ ಲಿಪಿಯಲ್ಲಿ ಮೂರರಲ್ಲಿಯೂ ರಕಾರ ಕಣ್ಣಿಗೆ ಕಾಣುತ್ತದೆ. ಲೀನಿಯರ್ ಬಿಯಲ್ಲಿ ಹಾಗಲ್ಲ: ಒಂದೊಂದು ಚಿಹ್ನೆ ವ್ಯಂಜನ-ಸ್ವರಗಳ ಒಂದೊಂದು ಕೂಟವನ್ನು ಸೂಚಿಸಿದರೂ, ಒಂದೇ ವ್ಯಂಜನವಿರುವ ಚಿಹ್ನೆಗಳ ಆಕಾರಗಳಲ್ಲಿ ಯಾವ ಸಾಮ್ಯವೂ ಇಲ್ಲ. ಆದರೂ ಈ ಮೂರು ರೂಪಗಳು ಒಂದೇ ಪ್ರಕೃತಿಯ ಬೇರೆ ಬೇರೆ ರೂಪಗಳೆಂದು ಗುರುತಿಸಿದರೆ, ಎರಡನೆಯ ಸ್ಥಾನದ ಮೂರು ಚಿಹ್ನೆಗಳಲ್ಲಿ ವ್ಯಂಜನ ಒಂದೇ, ಸ್ವರ ಬೇರೆ ಎಂದು ನಿರ್ಣಯಿಸಬಹುದು. ಕಾಡು, ಕಾಡಿಗೆ, ಕಾಡಲ್ಲಿ ಎಂಬ ಇನ್ನೊಂದು ಗುಂಪು ದೊರೆತರೆ ರು ಮತ್ತು ಡು, ರಿ ಮತ್ತು ಡಿ, ರ ಮತ್ತು ಡ ಜೋಡಿಗಳಲ್ಲಿ ಸ್ವರ ಒಂದೇ ಎಂಬುದೂ ತಿಳಿಯುತ್ತದೆ. ಒಂದು ಚಿಹ್ನೆಯ ಧ್ವನಿಬೆಲೆಯೂ ಗೊತ್ತಿಲ್ಲದೆ, ಚಿಹ್ನೆಗಳ ಪರಸ್ಪರ ಸಂಬಂಧದ ಕೋಷ್ಟಕವೊಂದು ಹೀಗೆ ಸಿದ್ಧವಾಗುತ್ತದೆ. 1948ರ ಲೇಖನದಲ್ಲಿ ಕೋಬರ್ ಹತ್ತು ಚಿಹ್ನೆಗಳ ಅಂಥ ಕೋಷ್ಟಕವನ್ನು ಕೊಟ್ಟರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೋಬರ್ ಗುರುತಿಸಿದ ತ್ರಿಕಗಳನ್ನು ಅವರು ವಿಭಕ್ತಿರೂಪಗಳೆಂದು ಭಾವಿಸಿದ್ದರು. ಅವುಗಳಲ್ಲಿ ಕೆಲವು ವಾಸ್ತವವಾಗಿ ಊರಿನ ಹೆಸರು, ಆ ಊರಿಗೆ ಸೇರಿದವನು, ಆ ಊರಿಗೆ ಸೇರಿದವಳು ಎಂಬ ಅರ್ಥದ ಸಾಧಿತ ರೂಪಗಳೆಂದು ಅನಂತರ ತಿಳಿದುಬಂದಿತು. ವ್ಯಾಕರಣವರ್ಗದ ಬಗೆಗಿನ ಅವರ ಊಹೆ ಬದಲಾಯಿತು. ಆದರೆ ವ್ಯಂಜನ ಒಂದೇ, ಸ್ವರ ಬೇರೆ ಎಂಬ ನಿರ್ಣಯ ಅಲುಗಲಿಲ್ಲ. ಪುರಾವೆಯನ್ನೂ ವಿವರಣೆಯನ್ನೂ ಬೇರೆ ಬೇರೆಯಾಗಿ, ಎರಡೂ ಓದುಗನಿಗೆ ಕಾಣುವಂತೆ ಮಂಡಿಸಿದ್ದರಿಂದಲೇ ಇದು ಸಾಧ್ಯವಾಯಿತು.

1947ರಲ್ಲಿ ಕೋಬರ್ ಆಕ್ಸ್‌ಫರ್ಡಿಗೆ ಹೋದರು. ಇವಾನ್ಸ್ ಅವರ ಉಳಿದ ಸಾಮಗ್ರಿ ಅವರ ಹಿರಿಯ ಸ್ನೇಹಿತ ಜಾನ್ ಮೈರ್ಸ್ ಅವರ ವಶದಲ್ಲಿತ್ತು. ಅಪ್ರಕಟಿತ ಫಲಕಗಳನ್ನು ನಕಲು ಮಾಡಿಕೊಳ್ಳಲು ಮೈರ್ಸ್ ಅವರು ಕೋಬರ್ ಅವರಿಗೆ ಅನುವು ಮಾಡಿಕೊಟ್ಟರು. ಪ್ರತಿಯಾಗಿ 'ಸ್ಕ್ರಿಪ್ಟ ಮಿನೋವ'ದ ಎರಡನೆಯ ಸಂಪುಟವನ್ನು ಸಿದ್ಧಗೊಳಿಸಲು ಕೋಬರ್ ನೆರವಾದರು. ತಮ್ಮ ವಿಶ್ಲೇಷಣೆಗೆ ಮೀಸಲಾಗಬಹುದಾಗಿದ್ದ ಕಾಲವನ್ನು ಇನ್ನೊಬ್ಬರ ಹಸ್ತಪ್ರತಿಯ ತಿದ್ದುಪಡಿಗೆ ವೆಚ್ಚಮಾಡಿದ ಅವರು 1950ರ ಮೇ 16ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಂಪುಟ ಅಚ್ಚಾದದ್ದು ಅದಾದ ಎರಡು ವರ್ಷಗಳ ಮೇಲೆ.

4. ಪೈಲಸ್ ಮತ್ತು ಚಿಹ್ನೆಗಳ ಪಟ್ಟಿ

ಗ್ರೀಸ್‌ನ ನೈರುತ್ಯ ಭಾಗದ ಪೈಲಸ್ ಸಮೀಪದಲ್ಲಿ, 1939ರ ಏಪ್ರಿಲ್ 4ರಂದು, ಕಾರ್ಲ್ ಬ್ಲೆಗನ್ ಅವರ ಉತ್ಖನನದ ಮೊದಲ ಕಂದಕದಲ್ಲಿಯೇ ಲೀನಿಯರ್ ಬಿ ಫಲಕಗಳು ಕಂಡುಬಂದವು. ಆ ಋತುವಿನಲ್ಲಿ ಸುಮಾರು ಆರುನೂರು ಫಲಕಗಳು ದೊರೆತವು. ಕ್ರೀಟ್‌ನ ಲಿಪಿಯೆಂದು ತಿಳಿದಿದ್ದುದು ಗ್ರೀಸ್‌ನ ನೆಲದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ದೊರೆತದ್ದೇ ಮಹತ್ವದ ಸಂಗತಿಯಾಗಿತ್ತು. ಅಷ್ಟರಲ್ಲಿ ಯುದ್ಧ ಬಂದಿತು. ಫಲಕಗಳು ಅಥೆನ್ಸಿನಲ್ಲಿ ಭದ್ರವಾಗಿ ಉಳಿದವು. ಆಲಿಸನ್ ಫ್ರಾಂಟ್ಜ್ ತೆಗೆದಿದ್ದ ಛಾಯಾಚಿತ್ರಗಳು ಮಾತ್ರ ಅಧ್ಯಯನಕ್ಕೆ ಒದಗಿದವು.

ಅವುಗಳ ಸಂಪಾದನೆಯನ್ನು ಬ್ಲೆಗನ್ ತಮ್ಮ ಶಿಷ್ಯ ಎಮೆಟ್ ಬೆನೆಟ್ ಅವರಿಗೆ ವಹಿಸಿದರು. ಬೆನೆಟ್ ಅವರು ಲಿಪಿಯನ್ನು ಓದುವ ಪ್ರಯತ್ನಕ್ಕಿಳಿಯಲಿಲ್ಲ. ಯಾವುದು ಸ್ವತಂತ್ರ ಚಿಹ್ನೆ, ಯಾವುದು ಒಂದೇ ಚಿಹ್ನೆಯ ಬರಹಭೇದ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರು. ಇದು ಗುಮಾಸ್ತಗಿರಿಯಂತೆ ಕಾಣಬಹುದು. ಆದರೆ ಒಬ್ಬ ಲಿಪಿಕಾರನ ವಕ್ರ ಗೀಟನ್ನೂ ಇನ್ನೊಬ್ಬನ ನೇರ ಗೀಟನ್ನೂ ಎರಡು ಅಕ್ಷರಗಳೆಂದು ಎಣಿಸಿದರೆ ಆವರ್ತನೆಯ ಲೆಕ್ಕವೆಲ್ಲ ಕೆಡುತ್ತದೆ. ಎರಡು ಅಕ್ಷರಗಳನ್ನು ಒಂದೆಂದು ಎಣಿಸಿದರೂ ಹಾಗೆಯೇ. ಧ್ವನಿಮಾ ಮತ್ತು ಉಪಧ್ವನಿಗಳನ್ನು ಬೇರ್ಪಡಿಸದೆ ಧ್ವನಿವ್ಯವಸ್ಥೆಯನ್ನು ವರ್ಣಿಸಲಾಗದಂತೆಯೇ ಇದು. ಬೆನೆಟ್ ಅವರ 'ದಿ ಪೈಲೋಸ್ ಟ್ಯಾಬ್ಲೆಟ್ಸ್' 1951ರಲ್ಲಿ ಪ್ರಿನ್ಸ್‌ಟನ್ನಿನಿಂದ ಪ್ರಕಟವಾಯಿತು. ಚಿಹ್ನೆಗಳ ವಿಶ್ವಾಸಾರ್ಹ ಪಟ್ಟಿಯೊಂದು ಎಲ್ಲರಿಗೂ ಲಭ್ಯವಾದದ್ದು ಆಗಲೇ.

5. ವೆಂಟ್ರಿಸ್: ಅಂಚೆಯಲ್ಲಿ ಹಂಚಿದ ಟಿಪ್ಪಣಿಗಳು

ವೆಂಟ್ರಿಸ್ ಅವರ ಕಾರ್ಯವಿಧಾನದಲ್ಲಿ ವಿಶೇಷವಾದುದು ಅವರ ಹಂಚಿಕೆಯ ಕ್ರಮ. 1950ರ ಆರಂಭದಲ್ಲಿ ಅವರು ಈ ಲಿಪಿಯ ಮೇಲೆ ದುಡಿಯುತ್ತಿದ್ದ ಹನ್ನೆರಡು ವಿದ್ವಾಂಸರಿಗೆ ಪ್ರಶ್ನಾವಳಿಯೊಂದನ್ನು ಕಳುಹಿಸಿದರು. ಹತ್ತು ಮಂದಿ ಉತ್ತರಿಸಿದರು. ಆ ಉತ್ತರಗಳನ್ನು ಇಂಗ್ಲಿಷಿಗೆ ತಿರುಗಿಸಿ, ತಮ್ಮ ಅಭಿಪ್ರಾಯವನ್ನೂ ಸೇರಿಸಿ, ಎಲ್ಲರಿಗೂ ಪ್ರತಿಗಳನ್ನು ಮುಟ್ಟಿಸಿದರು. ಇಂಥ ಅಭಿಪ್ರಾಯ ಸಂಗ್ರಹ ಕಾಲಹರಣವೆಂದು ಕೋಬರ್ ನಿಷ್ಠುರವಾಗಿಯೇ ಬರೆದಿದ್ದರು. ಆಧಾರವಿಲ್ಲದ ಊಹೆಗಳ ಬಗೆಗೆ ಅವರಿಗಿದ್ದ ಅಸಹನೆಯನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಅಲ್ಲಿಂದ ಮುಂದೆ ನಡೆದುದು ಬೇರೆ.

1951ರ ಜನವರಿಯಿಂದ 1952ರ ಜೂನ್ 1ರವರೆಗೆ ವೆಂಟ್ರಿಸ್ ಇಪ್ಪತ್ತು ಕಾರ್ಯಟಿಪ್ಪಣಿಗಳನ್ನು ಬರೆದರು. ಒಟ್ಟು 176 ಪುಟಗಳು. ಪ್ರತಿಯೊಂದನ್ನೂ ತಮ್ಮ ಖರ್ಚಿನಲ್ಲಿ ಪ್ರತಿಮಾಡಿ ಇತರ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದರು. ಇವುಗಳಲ್ಲಿ ತಪ್ಪುಗಳು ಹೇರಳವಾಗಿವೆ. ಭಾಷೆ ಎಟ್ರಸ್ಕನ್‌ಗೆ ಸಂಬಂಧಿಸಿದ್ದೆಂದು ಅವರು ಹದಿನೆಂಟನೆಯ ವಯಸ್ಸಿನಲ್ಲಿಯೇ, 1940ರಲ್ಲಿ ಲೇಖನವೊಂದನ್ನು ಪ್ರಕಟಿಸಿದ್ದರು. ಆ ಊಹೆ ಟಿಪ್ಪಣಿಗಳಲ್ಲಿ ಕೊನೆಯವರೆಗೂ ಮುಂದುವರಿದಿದೆ. ಆದರೆ ಕೋಬರ್ ಹಾಕಿಕೊಟ್ಟ ಕೋಷ್ಟಕ ಟಿಪ್ಪಣಿಯಿಂದ ಟಿಪ್ಪಣಿಗೆ ಬೆಳೆಯುತ್ತ, ತಿದ್ದಿಕೊಳ್ಳುತ್ತ ಹೋಗುವುದನ್ನು ಇಂದಿಗೂ ಹಂತಹಂತವಾಗಿ ನೋಡಬಹುದು. ಯಾವ ತೀರ್ಮಾನ ಯಾವ ಪುರಾವೆಯಿಂದ ಬಂದಿತೆಂಬುದಕ್ಕೆ ಲಿಖಿತ ದಾಖಲೆ ಉಳಿದಿದೆ.

ನಿರ್ಣಾಯಕ ಹೆಜ್ಜೆಯಂತೂ ಎರಡು ಆಕರಸಂಗ್ರಹಗಳ ಹೋಲಿಕೆಯಿಂದಲೇ ಸಾಧ್ಯವಾಯಿತು. ಕೋಬರ್ ಗುರುತಿಸಿದ ತ್ರಿಕಗಳಲ್ಲಿ ಕೆಲವು ಕ್ನೊಸೊಸ್‌ನ ಫಲಕಗಳಲ್ಲಿ ಪದೇ ಪದೇ ಬರುತ್ತವೆ, ಪೈಲಸ್‌ನವುಗಳಲ್ಲಿ ಬರುವುದಿಲ್ಲ. ಸ್ಥಳೀಯವಾಗಿ ಮಾತ್ರ ಬಳಕೆಯಾಗುವ, ಆದರೆ ಆಡಳಿತಕ್ಕೆ ಸದಾ ಬೇಕಾಗುವ ಪದಗಳು ಯಾವುವು? ಸ್ಥಳನಾಮಗಳು. ಈ ಊಹೆಯಿಂದ ಕ್ರೀಟ್‌ನ ಪ್ರಾಚೀನ ಊರುಗಳ ಹೆಸರುಗಳನ್ನು ಹಚ್ಚಿ ನೋಡಿದಾಗ 'ಅ-ಮಿ-ನಿ-ಸೊ' ಎಂಬುದು ಅಮ್ನಿಸೊಸ್, 'ಕೊ-ನೊ-ಸೊ' ಎಂಬುದು ಕ್ನೊಸೊಸ್ ಎಂದು ಹೊಂದಿಬಂದವು. 'ಕೊ-ನೊ-ಸೊ', 'ಕೊ-ನೊ-ಸಿ-ಯೊ', 'ಕೊ-ನೊ-ಸಿ-ಯ' ಎಂಬ ರೂಪಗಳಲ್ಲಿ ಸೊ ಮತ್ತು ಸಿ ಚಿಹ್ನೆಗಳಿಗೆ ಒಂದೇ ವ್ಯಂಜನವೆಂಬ ಕೋಬರ್ ಅವರ ನಿರ್ಣಯವೂ ಸರಿಹೋಯಿತು. ಕೋಷ್ಟಕದಲ್ಲಿ ಕೆಲವು ಚಿಹ್ನೆಗಳಿಗೆ ಬೆಲೆ ಸಿಕ್ಕೊಡನೆ ಅವುಗಳ ಸಾಲಿನ, ಕಂಬದ ಉಳಿದ ಚಿಹ್ನೆಗಳಿಗೂ ಬೆಲೆ ತಾನಾಗಿ ಒದಗಿತು. ಹೊರಬಂದ ಪದಗಳು ಗ್ರೀಕ್‌ನಂತೆ ಕಾಣತೊಡಗಿದವು. ಇಪ್ಪತ್ತನೆಯ ಟಿಪ್ಪಣಿಯಲ್ಲಿ ವೆಂಟ್ರಿಸ್ ಇದನ್ನು ಪ್ರಶ್ನೆಯ ರೂಪದಲ್ಲಿ, ಗಂಭೀರವಲ್ಲದ ವಿಷಯಾಂತರವೆಂಬ ಸಂಕೋಚದೊಡನೆ ಮುಂದಿಟ್ಟರು. ಇನ್ನೊಂದು ಊರಿನ ಪಾಠಗಳು ಪ್ರಕಟವಾಗದೆ ಇದ್ದಿದ್ದರೆ 'ಇಲ್ಲಿ ಇದೆ, ಅಲ್ಲಿ ಇಲ್ಲ' ಎಂಬ ಪುರಾವೆಯೇ ಅವರಿಗೆ ಇರುತ್ತಿರಲಿಲ್ಲ.

6. ಪುರಾವೆ, ಪರೀಕ್ಷೆ, ಪ್ರತಿವಾದ

1952ರ ಜುಲೈ 1ರಂದು ಬಿಬಿಸಿ ಬಾನುಲಿಯಲ್ಲಿ, 'ಸ್ಕ್ರಿಪ್ಟ ಮಿನೋವ'ದ ಎರಡನೆಯ ಸಂಪುಟ ಹೊರಬಂದ ಸಂದರ್ಭದಲ್ಲಿ, ವೆಂಟ್ರಿಸ್ ತಮ್ಮ ನಿರ್ಣಯವನ್ನು ಸಾರ್ವಜನಿಕವಾಗಿ ತಿಳಿಸಿದರು. ಅದನ್ನು ಕೇಳಿದ ಗ್ರೀಕ್ ಭಾಷಾಶಾಸ್ತ್ರಜ್ಞ ಜಾನ್ ಚಾಡ್ವಿಕ್ ಅವರೊಡನೆ ಸೇರಿಕೊಂಡರು. ಇಬ್ಬರೂ ಬರೆದ ಲೇಖನ 1953ರಲ್ಲಿ 'ಜರ್ನಲ್ ಆಫ್ ಹೆಲೆನಿಕ್ ಸ್ಟಡೀಸ್'ನಲ್ಲಿ ಪ್ರಕಟವಾಯಿತು. ಮೈಕೇನಿಯ ದಾಖಲೆಗಳಲ್ಲಿ ಗ್ರೀಕ್ ಉಪಭಾಷೆಯೊಂದಿರುವುದಕ್ಕೆ 'ಪುರಾವೆ' ಎಂಬುದಷ್ಟೇ ಅದರ ಶೀರ್ಷಿಕೆಯ ಹೇಳಿಕೆ. ಲಿಪಿಯನ್ನು ಓದಿದ್ದೇವೆಂಬ ಘೋಷಣೆ ಅದರಲ್ಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಬ್ಲೆಗನ್ ಅವರಿಂದ ಪತ್ರವೊಂದು ಬಂದಿತು. 1952ರಲ್ಲಿ ಪೈಲಸ್‌ನಲ್ಲಿ ದೊರೆತಿದ್ದ, ವೆಂಟ್ರಿಸ್ ನೋಡಿರದ ಫಲಕವೊಂದಕ್ಕೆ ಹೊಸ ಬೆಲೆಗಳನ್ನು ಹಚ್ಚಿ ನೋಡಿದ್ದ ಬ್ಲೆಗನ್ ಫಲಿತಾಂಶವನ್ನು ತಿಳಿಸಿದ್ದರು. ಮೂರು ಕಾಲಿನ ಪಾತ್ರೆಯ ಚಿತ್ರದ ಎಡಕ್ಕೆ 'ತಿ-ರಿ-ಪೊ' ಎಂದಿತ್ತು. ಅಂಥ ಎರಡು ಪಾತ್ರೆಗಳ ಲೆಕ್ಕದಲ್ಲಿ 'ತಿ-ರಿ-ಪೊ-ದೆ' ಎಂಬ ದ್ವಿವಚನ ರೂಪವಿತ್ತು. ನಾಲ್ಕು ಹಿಡಿಕೆಗಳ ಪಾತ್ರೆಗೆ 'ಕ್ವೆ-ತೊ-ರೊ-ವೆ', ಹಿಡಿಕೆಯಿಲ್ಲದುದಕ್ಕೆ 'ಅ-ನೊ-ವೆ' ಎಂಬ ವಿಶೇಷಣಗಳಿದ್ದವು. ಹಿಡಿಕೆಯನ್ನು ಇಲ್ಲಿ 'ಕಿವಿ' ಎಂಬ ಪದದಿಂದ ಸೂಚಿಸಲಾಗಿದೆ. ನಾಲ್ಕು ಎಂಬರ್ಥದ ಪದದಲ್ಲಿ ಇಂಡೋ-ಯುರೋಪಿಯನ್ ಮೂಲದ ಓಷ್ಠ್ಯೀಕೃತ ಕಂಠ್ಯ ಧ್ವನಿ ಇನ್ನೂ ಉಳಿದಿರುವುದು ಭಾಷಾಶಾಸ್ತ್ರಜ್ಞರಿಗೆ ವಿಶೇಷ ಸಂಗತಿ. ನಂತರದ ಗ್ರೀಕ್‌ನಲ್ಲಿ ಆ ಸ್ಥಾನದಲ್ಲಿ ದಂತ್ಯವಿದೆ. ಸಂಖ್ಯೆ, ಚಿತ್ರ, ಪದ ಮೂರೂ ಒಂದನ್ನೊಂದು ಸಮರ್ಥಿಸಿದವು.

ಇಲ್ಲಿ ನಮ್ಮ ವಾದಕ್ಕೆ ಎದುರಾಗುವ ಆಕ್ಷೇಪವೊಂದಿದೆ. ಆ ಫಲಕ ಅಪ್ರಕಟಿತವಾಗಿದ್ದುದರಿಂದಲೇ ಅದು ನಿಷ್ಪಕ್ಷಪಾತ ಪರೀಕ್ಷೆಯಾಯಿತಲ್ಲವೇ? ನಿಜ. ಆದರೆ ಪರೀಕ್ಷೆ ನಡೆದದ್ದು ಫಲಕ ಮರೆಯಲ್ಲಿದ್ದುದರಿಂದ ಮಾತ್ರವಲ್ಲ. ವೆಂಟ್ರಿಸ್ ತಮ್ಮ ಬೆಲೆಗಳ ಪಟ್ಟಿಯನ್ನು ಬ್ಲೆಗನ್ ಅವರಿಗೆ ಮೊದಲೇ ತಲಪಿಸಿದ್ದರಿಂದ, ಮತ್ತು ಬ್ಲೆಗನ್ ತಮ್ಮ ಫಲಿತಾಂಶವನ್ನು ಕೂಡಲೆ ತಿಳಿಸಿದ್ದರಿಂದ. ಕ್ನೊಸೊಸ್‌ನ ಫಲಕಗಳೂ ಐವತ್ತು ವರ್ಷ ಮರೆಯಲ್ಲಿದ್ದವು. ಅವು ಯಾವ ಸಿದ್ಧಾಂತವನ್ನೂ ಪರೀಕ್ಷಿಸಲಿಲ್ಲ.

ವಿರೋಧವೂ ಇಲ್ಲದಿರಲಿಲ್ಲ. ಎಡಿನ್‌ಬರೋದ ಆರ್ಥರ್ ಬೀಟಿ ಅವರ ಕಟು ವಿಮರ್ಶೆ 1956ರಲ್ಲಿ ಅದೇ 'ಜರ್ನಲ್ ಆಫ್ ಹೆಲೆನಿಕ್ ಸ್ಟಡೀಸ್'ನಲ್ಲಿ ಬಂದಿತು. ಕಾಗುಣಿತದ ನಿಯಮಗಳು ಅತಿ ಸಡಿಲವಾಗಿವೆ, ಅವುಗಳಿಂದ ಏನನ್ನು ಬೇಕಾದರೂ ಓದಬಹುದು ಎಂಬುದು ಆಕ್ಷೇಪದ ಸಾರ. ಇದು ಉಪೇಕ್ಷಿಸುವಂಥದ್ದಲ್ಲ: ಲೀನಿಯರ್ ಬಿಯಲ್ಲಿ ಪದಾಂತ್ಯದ ಸಕಾರ ಬರೆಯುವುದಿಲ್ಲ, ರಕಾರ-ಲಕಾರಗಳಿಗೆ ಭೇದವಿಲ್ಲ. ಆಕ್ಷೇಪಕ್ಕೆ ಉತ್ತರ ದೊರೆತದ್ದು ವಾಗ್ವಾದದಿಂದಲ್ಲ, ಪಾಠಗಳ ರಾಶಿಯಿಂದ. ಬೆನೆಟ್, ಚಾಡ್ವಿಕ್, ವೆಂಟ್ರಿಸ್ ಮೂವರ ಹೆಸರಿನಲ್ಲಿ ಕ್ನೊಸೊಸ್ ಫಲಕಗಳ ಪರಿಷ್ಕೃತ ಲಿಪ್ಯಂತರ 1956ರಲ್ಲಿ ಲಂಡನ್ನಿನಿಂದ ಬಂದಿತು. ಮುನ್ನೂರು ಫಲಕಗಳನ್ನು ಅನುವಾದ, ವಿವರಣೆಗಳೊಡನೆ ಒಳಗೊಂಡ 'ಡಾಕ್ಯುಮೆಂಟ್ಸ್ ಇನ್ ಮೈಸೀನಿಯನ್ ಗ್ರೀಕ್' ಅದೇ ವರ್ಷ ಕೇಂಬ್ರಿಜ್‌ನಿಂದ ಹೊರಬಂದಿತು. ಅದನ್ನು ಅಚ್ಚಿನಲ್ಲಿ ಕಾಣಲು ವೆಂಟ್ರಿಸ್ ಉಳಿದಿರಲಿಲ್ಲ. ಕೆಲವೇ ವಾರಗಳ ಮೊದಲು, ಸೆಪ್ಟೆಂಬರ್ 6ರಂದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು.

7. ಉತ್ಖನನದ ದಿನಚರಿ ಮತ್ತು ಭಾಷೆಯ ಕಾಲ

ಪಾಠ ಪ್ರಕಟವಾದರೆ ಆಕರ ಪ್ರಕಟವಾದಂತೆಯೇ? ಕ್ನೊಸೊಸ್ ಫಲಕಗಳ ಕಾಲದ ಬಗೆಗೆ ಎದ್ದ ವಿವಾದ ಈ ಪ್ರಶ್ನೆಯನ್ನು ಮುಂದಿಟ್ಟಿತು. ಫಲಕಗಳು ಸುಮಾರು ಕ್ರಿ.ಪೂ. 1400ಕ್ಕೆ ಸೇರಿದವೆಂದು ಇವಾನ್ಸ್ ನಿರ್ಣಯಿಸಿದ್ದರು. ಪೈಲಸ್‌ನವು ಸುಮಾರು ಕ್ರಿ.ಪೂ. 1200ರವು. ಇವೆರಡರ ಭಾಷೆ ಮಾತ್ರ ಆಶ್ಚರ್ಯವಾಗುವಷ್ಟು ಏಕರೂಪವಾಗಿದೆ. ಎರಡು ಶತಮಾನಗಳ ಅಂತರದಲ್ಲಿ ಭಾಷೆ ಇಷ್ಟು ಕಡಿಮೆ ಬದಲಾಗಲು ಸಾಧ್ಯವೇ ಎಂಬುದು ಐತಿಹಾಸಿಕ ಭಾಷಾವಿಜ್ಞಾನದ ಪ್ರಶ್ನೆ. ಅದನ್ನು ಎತ್ತಿದವರು ಆಕ್ಸ್‌ಫರ್ಡಿನ ಭಾಷಾಶಾಸ್ತ್ರಜ್ಞ ಲಿಯೊನಾರ್ಡ್ ಪಾಮರ್.

ಉತ್ಖನನದಲ್ಲಿ ಇವಾನ್ಸ್ ಅವರ ಸಹಾಯಕರಾಗಿದ್ದ ಡಂಕನ್ ಮೆಕೆಂಜಿ ಅವರ ದಿನಚರಿ ಪುಸ್ತಕಗಳು ಪ್ರಕಟವಾಗದೆ ಉಳಿದಿದ್ದವು. ಅವುಗಳ ವಿವರಗಳಿಗೂ ಇವಾನ್ಸ್ ಅವರ ಪ್ರಕಟಿತ ನಿರೂಪಣೆಗೂ ಹೊಂದಿಕೆಯಿಲ್ಲವೆಂದು ಪಾಮರ್ ವಾದಿಸಿ, ಫಲಕಗಳ ಕಾಲವನ್ನು ಎರಡು ಶತಮಾನ ಈಚೆಗೆ ತರಬೇಕೆಂದರು. ಪುರಾತತ್ತ್ವಜ್ಞ ಜಾನ್ ಬೋರ್ಡ್‌ಮನ್ ಇವಾನ್ಸ್ ಅವರ ನಿರ್ಣಯವನ್ನು ಸಮರ್ಥಿಸಿದರು. 1963ರಲ್ಲಿ ಈ ಎರಡು ವಿರುದ್ಧ ವಾದಗಳೂ ಒಂದೇ ಗ್ರಂಥದ ಎರಡು ಭಾಗಗಳಾಗಿ ಪ್ರಕಟವಾದವು. ವಿವಾದ ಅಲ್ಲಿಗೆ ಮುಗಿಯಲಿಲ್ಲ. ಫಲಕಗಳೆಲ್ಲವೂ ಒಂದೇ ಕಾಲದವಲ್ಲ, ರಥಗಳ ದಾಖಲೆಗಳಿದ್ದ ಕೋಣೆಯವು ಉಳಿದವುಗಳಿಗಿಂತ ಹಿಂದಿನವು ಎಂದು ಯಾನ್ ಡ್ರೀಸನ್ ಆಮೇಲೆ ವಾದಿಸಿದರು. ಯಾವ ಫಲಕ ಯಾವ ಕೋಣೆಯಲ್ಲಿ, ಯಾವ ಸ್ತರದಲ್ಲಿ ದೊರೆಯಿತೆಂಬುದು ವ್ಯಾಕರಣಕಾರನಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ರೂಪವೊಂದರ ಕಾಲ ತಿಳಿಯದೆ ಅದರ ಇತಿಹಾಸ ಬರೆಯಲಾಗದು. ಕಾಲವನ್ನು ತಿಳಿಸುವುದು ದೊರೆತ ಸ್ಥಳದ ದಾಖಲೆ.

8. ಪಾಠದ ರೂಪ, ಲಿಪಿಕಾರನ ಕೈ, ಉಪಭಾಷೆ

ಯಾವ ರೂಪದಲ್ಲಿ ಪ್ರಕಟಿಸಬೇಕು ಎಂಬುದು ಮೂರನೆಯ ಪ್ರಶ್ನೆ. ಮುರಿದ ಭಾಗ, ಅಸ್ಪಷ್ಟ ಅಕ್ಷರ, ಸಂಪಾದಕನ ಪೂರಣ ಇವುಗಳನ್ನು ನಿಶ್ಚಿತ ಚಿಹ್ನೆಗಳಿಂದ ಬೇರ್ಪಡಿಸಿ ತೋರಿಸುವ ಪದ್ಧತಿಗೆ ಗ್ರೀಕ್ ಮತ್ತು ಲ್ಯಾಟಿನ್ ಪಾಠಗಳ ವಿಷಯದಲ್ಲಿ 1931ರ ಲೈಡನ್ ಸಮ್ಮೇಳನ ತಳಹದಿ ಹಾಕಿತ್ತು. ಮೈಕೇನಿಯ ಅಧ್ಯಯನಗಳಲ್ಲಿ ಇಂಥ ಒಮ್ಮತಕ್ಕಾಗಿ 1956ರಲ್ಲಿ ಪ್ಯಾರಿಸ್ ಸಮೀಪದ ಝಿಫ್-ಸುರ್-ಇವೆಟ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಗೋಷ್ಠಿ ನಡೆಯಿತು. 1961ರ ವಿಂಗ್‌ಸ್ಪ್ರೆಡ್ ಗೋಷ್ಠಿಯಲ್ಲಿ ಚಿಹ್ನೆಗಳ ಸಂಖ್ಯೆ ಮತ್ತು ಲಿಪ್ಯಂತರದ ಸಾಮಾನ್ಯ ಪದ್ಧತಿ ರೂಪುಗೊಂಡಿತು. ಬೇರೆ ಬೇರೆ ದೇಶಗಳ ವಿದ್ವಾಂಸರು ಒಂದೇ ಅಕ್ಷರಕ್ಕೆ ಒಂದೇ ಸಂಕೇತವನ್ನು ಬಳಸತೊಡಗಿದ ಮೇಲೆ ಒಬ್ಬರ ಸೂಚಿ ಇನ್ನೊಬ್ಬರಿಗೆ ಉಪಯುಕ್ತವಾಯಿತು.

ಛಾಯಾಚಿತ್ರಗಳೂ ಮೂಲಫಲಕಗಳೂ ಅಧ್ಯಯನಕ್ಕೆ ದೊರೆತುದರಿಂದ ಇನ್ನೊಂದು ಫಲವಾಯಿತು. ಬೆನೆಟ್ ಪೈಲಸ್‌ನ, ಝಾನ್-ಪಿಯೆರ್ ಒಲಿವಿಯೆ 1967ರ ತಮ್ಮ ಗ್ರಂಥದಲ್ಲಿ ಕ್ನೊಸೊಸ್‌ನ ಲಿಪಿಕಾರರನ್ನು ಕೈಬರಹದಿಂದಲೇ ಪ್ರತ್ಯೇಕಿಸಿದರು. ಲಿಪಿಕಾರರ ಹೆಸರು ತಿಳಿಯದಿದ್ದರೂ ಯಾವ ಫಲಕ ಯಾರ ಕೈಯದೆಂಬುದು ತಿಳಿಯಿತು. ಬೀಜ ಎಂಬರ್ಥದ ಪದವನ್ನು ಹೆಚ್ಚಿನವರು 'ಪೆ-ಮೊ' ಎಂದೂ ಕೆಲವರು 'ಪೆ-ಮ' ಎಂದೂ ಬರೆಯುತ್ತಾರೆ. ಇಂಥ ಭೇದಗಳನ್ನು ಲಿಪಿಕಾರರ ಕೈಗಳೊಡನೆ ಹೊಂದಿಸಿ, ಮೈಕೇನಿಯದ ಒಳಗೇ ಎರಡು ಭಾಷಾಪ್ರಭೇದಗಳಿವೆಯೆಂದು ಎರ್ನ್ಸ್ಟ್ ರಿಶ್ 1966ರಲ್ಲಿ ಪ್ರತಿಪಾದಿಸಿದರು. ಸಂಪಾದಕನೊಬ್ಬ 'ಪೆ-ಮ'ವನ್ನು ಬರಹದ ತಪ್ಪೆಂದು ಬಗೆದು 'ಪೆ-ಮೊ' ಎಂದು ತಿದ್ದಿ ಅಚ್ಚುಮಾಡಿದ್ದರೆ ಈ ಚರ್ಚೆಗೆ ಅವಕಾಶವೇ ಇರುತ್ತಿರಲಿಲ್ಲ. ಪಾಠವನ್ನು ಸರಳಗೊಳಿಸುವ ಸಂಪಾದಕ ತನಗರಿವಿಲ್ಲದೆಯೇ ಭಾಷಾಭೇದದ ಪುರಾವೆಯನ್ನು ಅಳಿಸಿಬಿಡಬಹುದು.

ಕ್ನೊಸೊಸ್‌ನ ಎಲ್ಲ ಬರಹಗಳನ್ನೂ ಛಾಯಾಚಿತ್ರ, ರೇಖಾಚಿತ್ರ, ಲಿಪ್ಯಂತರಗಳೊಡನೆ ಒಳಗೊಂಡ ನಾಲ್ಕು ಸಂಪುಟಗಳ ಆಕರಗ್ರಂಥ 1986ರಿಂದ 1998ರ ಅವಧಿಯಲ್ಲಿ ಪೂರ್ಣವಾಯಿತು. ಮೊದಲ ಫಲಕ ದೊರೆತು ಆಗ ತೊಂಬತ್ತೆಂಟು ವರ್ಷಗಳಾಗಿದ್ದವು. ಪೈಲಸ್‌ನ ಬರಹಗಳ ಸಮಗ್ರ ಸಂಪುಟ 2020ರಲ್ಲಿ ಬಂದಿತು. ಅಲ್ಲಿನ ಮೊದಲ ಶೋಧದಿಂದ ಎಂಬತ್ತೊಂದು ವರ್ಷ.

9. ಉಪಸಂಹಾರ

ಪ್ರಕಟಣೆಯೊಂದೇ ಸಾಕೆಂದು ಈ ಲೇಖನ ಹೇಳುವುದಿಲ್ಲ. ಲೀನಿಯರ್ ಎ ಬರಹಗಳನ್ನು ಲೂಯಿ ಗೊದಾರ್ ಮತ್ತು ಒಲಿವಿಯೆ 1976ರಿಂದ 1985ರವರೆಗೆ ಐದು ಸಂಪುಟಗಳಲ್ಲಿ ಅನುಕರಣೀಯ ರೀತಿಯಲ್ಲಿ ಸಂಪಾದಿಸಿಕೊಟ್ಟರು. ಆ ಲಿಪಿಯ ಭಾಷೆ ಇಂದಿಗೂ ಗೊತ್ತಾಗಿಲ್ಲ. ಬರಹಗಳು ಕಡಿಮೆ, ಚಿಕ್ಕವು. ಹೋಲಿಸಲು ಪರಿಚಿತ ಭಾಷೆಯಿಲ್ಲ. ಆದರೆ ಆ ವೈಫಲ್ಯ ಈಗ ಎಲ್ಲರಿಗೂ ಸಮಾನವಾದ ವೈಫಲ್ಯ: ಯಾವ ಹೊಸ ಓದನ್ನು ಮುಂದಿಟ್ಟರೂ ಅದನ್ನು ಸಮಗ್ರ ಆಕರದ ಮೇಲೆ ಯಾರು ಬೇಕಾದರೂ ಪರೀಕ್ಷಿಸಬಹುದು. 1900ರಿಂದ 1950ರವರೆಗೆ ಲೀನಿಯರ್ ಬಿಗೆ ಈ ಸ್ಥಿತಿ ಇರಲಿಲ್ಲ.

ಈ ಇತಿಹಾಸದಿಂದ ಹೊರಡುವ ತೀರ್ಮಾನಗಳನ್ನು ಹೀಗೆ ಹೇಳಬಹುದು. ಆಕರವನ್ನು ಸಂಗ್ರಹಿಸಿದವನಿಗೆ ಅದರ ಮೇಲೆ ಮೊದಲ ಹಕ್ಕಿರುವುದು ನ್ಯಾಯವೇ. ಆದರೆ ಆ ಹಕ್ಕು ಅವಧಿಯುಳ್ಳದ್ದಾಗಿರಬೇಕು. ಪುರಾವೆಯನ್ನು ವಿವರಣೆಯಿಂದ ಬೇರ್ಪಡಿಸಿ ಮಂಡಿಸಿದರೆ ವಿವರಣೆ ಬಿದ್ದುಹೋದರೂ ಪುರಾವೆ ಉಳಿಯುತ್ತದೆ. ಕೋಬರ್ ಅವರ ತ್ರಿಕಗಳು ಇದಕ್ಕೆ ನಿದರ್ಶನ. ಅಪೂರ್ಣವಾದ, ತಪ್ಪಾಗಬಹುದಾದ ವಿಚಾರವನ್ನೂ ಅದರ ಅಪೂರ್ಣತೆಯನ್ನು ಒಪ್ಪಿಕೊಂಡೇ ಹಂಚಬಹುದು. ವೆಂಟ್ರಿಸ್ ಅವರ ಟಿಪ್ಪಣಿಗಳು ಇದಕ್ಕೆ ನಿದರ್ಶನ. ಪಾಠದ ಜೊತೆಗೆ ಅದು ದೊರೆತ ಸಂದರ್ಭ, ಬರೆದ ಕೈ, ಸಂದೇಹದ ಗುರುತು ಇವೂ ಪ್ರಕಟವಾಗಬೇಕು; ಮುಂದಿನ ತಲೆಮಾರು ಯಾವ ಪ್ರಶ್ನೆ ಕೇಳುವುದೋ ಇಂದಿನ ಸಂಪಾದಕನಿಗೆ ತಿಳಿಯದು.

ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನೂ ಪದಸಂಗ್ರಹಗಳನ್ನೂ ಪ್ರಬಂಧ ಮುಗಿಯುವವರೆಗೆ, ಆಮೇಲೆ ಗ್ರಂಥ ಮುಗಿಯುವವರೆಗೆ, ಆಮೇಲೆ ಬಿಡುವಾಗುವವರೆಗೆ ಕಾದಿರಿಸುವ ಸಂಶೋಧಕನಿಗೆ ಇವಾನ್ಸ್ ದೂರದ ವ್ಯಕ್ತಿಯಲ್ಲ. ಅವರು ಫಲಕಗಳನ್ನು ನಾಶಮಾಡಲಿಲ್ಲ, ಮಾರಲಿಲ್ಲ, ಸುಳ್ಳಾಗಿ ಓದಲಿಲ್ಲ. ಮುಂದಿನ ವರ್ಷ ಪ್ರಕಟಿಸೋಣವೆಂದು ನಲವತ್ತು ವರ್ಷ ಇಟ್ಟುಕೊಂಡರು. ಕೋಬರ್ ಅವರಂಥ ವಿದ್ವಾಂಸರ ಆಯುಷ್ಯ ಆ ನಡುವೆಯೇ ಮುಗಿಯಿತು.